ನಗಿಸುವ ಡ್ಯೂಟಿ

ಅವರ ಬಾಯಲ್ಲಿ ನನ್ನ ಹೆಸರು ಒಮ್ಮೆಯೂ ಬಂದದ್ದಿಲ್ಲ. ನಾನು ಅವರಿಗೆ ಬಾಗಲಕೋಟೆ. ಮಸ್ಕತ್ತಿನಲ್ಲಿ ಅವರಿಗೆ ಪರಿಚಯವಿದ್ದ ಕನ್ನಡದ ಹೆಂಗಸರೆಲ್ಲ ಹೀಗೆ ಒಂದೊಂದು ಊರಾಗಿದ್ದರು. ಗದಗಕ್ಕೆ ಕೆಮ್ಮು ಕಡಿಮೆಯಾಯಿತಾ, ಕಾರ್ಕಳ ಎಲ್ಲಿ ಹೋದಳು, ಕುಮಟಾ ಯಾಕೆ ಮುಖ ಊದಿಸಿಕೊಂಡಿದ್ದಾಳೆ ಎಂದು ಅವರು ವಿಚಾರಿಸುವುದನ್ನು ಕೇಳಿದ ಹೊಸಬರು ರೇಡಿಯೋದಲ್ಲಿ ಹವಾಮಾನ ವರದಿ ಬರುತ್ತಿದೆ ಎಂದುಕೊಳ್ಳಬೇಕು. ಹೆಸರು ನೆನಪಿರುವುದಿಲ್ಲ, ಊರು ಹೇಳಿದರೆ ಮುಖ ಎದುರಿಗೆ ಬರುತ್ತದೆ ಎಂಬುದು ಅವರ ಸಮಜಾಯಿಷಿ. ಒಂದೇ ಊರಿನವರು ಇಬ್ಬರು ಸಿಕ್ಕರೆ ಎರಡನೆಯವಳು ತನ್ನ ಹಳ್ಳಿಯ ಹೆಸರಿಗೆ ಇಳಿಯಬೇಕಾಗುತ್ತಿತ್ತು. ಅದಕ್ಕೆ ಯಾರೂ ಬೇಸರ ಮಾಡಿಕೊಂಡದ್ದಿಲ್ಲ.

ಹಾಗಾಗಿ ಇಲ್ಲಿ ನಾನೂ ಅವರ ಹೆಸರು ಹೇಳುವುದಿಲ್ಲ. ನಮಗೆಲ್ಲ ಅವರು ಸಿಸ್ಟರಕ್ಕ. ಸಿಸ್ಟರ್ ಅಂದರೂ ಅಕ್ಕನೇ, ಅಕ್ಕ ಅಂದರೂ ಅಕ್ಕನೇ, ಒಬ್ಬ ಹೆಂಗಸನ್ನು ಎರಡೆರಡು ಸಲ ಅಕ್ಕ ಮಾಡಿದ್ದೀರಲ್ಲ ಎಂದು ನಮ್ಮ ಮನೆಯವರು ಕಾಡುತ್ತಿದ್ದರು. ಉಡುಪಿ ಕಡೆಯವರು, ಮನೆಮಾತು ತುಳು. ವಾದಿ ಕಬೀರಿನಲ್ಲಿ ಗ್ಯಾರೇಜುಗಳ ಸಾಲಿನ ಹಿಂದೆ ಇದ್ದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದರು. ಮೊನ್ನೆ ಮೊನ್ನೆ ನಿವೃತ್ತರಾಗಿ ಊರಿಗೆ ಹೋದರು. ಅವರು ಹೋದ ಮೇಲೆ ನನಗೆ ಇಲ್ಲಿ ಬೈಯುವವರೇ ಇಲ್ಲವಾಗಿ ಬಾಯಿ ಕೆಟ್ಟಂತಾಗಿದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನೋಡಲು ಗಿಡ್ಡ, ನಡಿಗೆ ಚುರುಕು. ಯಾರ ಮನೆಗೆ ಹೋದರೂ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಮೊದಲು ಅಡುಗೆಮನೆಗೆ ನುಗ್ಗುವುದು ಅವರ ಪದ್ಧತಿ. ಕೂಸು ನೋಡಲು ಬಂದವರು ಕೂಸಿನ ಹತ್ತಿರ ಹೋಗಬೇಕಲ್ಲವೇ? ಇವರು ಕುಡಿಯುವ ನೀರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಸಿಂಕಿನಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು, ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಲು ಹೇಳಿ ಆಮೇಲೆ ಬಾಣಂತಿಯ ಕೋಣೆಗೆ ಹೋಗುತ್ತಿದ್ದರು. ಬೇರೆಯವರು ಒಂದೂವರೆ ಚಮಚ ಹಾಕಿಕೊಂಡರೂ ಸಕ್ಕರೆ ಕಾಯಿಲೆಯ ಬಗ್ಗೆ ಪಾಠ ಗ್ಯಾರಂಟಿ. ತಮ್ಮದು ಹೇಗೆ ನಡೆಯುತ್ತದೆ ಎಂದು ಕೇಳಿದರೆ, ನರ್ಸಿಗೆ ಕಾಯಿಲೆ ಬರುವುದಿಲ್ಲ, ಬಂದರೂ ಡ್ಯೂಟಿ ಮುಗಿದ ಮೇಲೆ ಬರುತ್ತದೆ ಎನ್ನುತ್ತಿದ್ದರು.

ಕೋಣೆಗೆ ಹೋದ ಮೇಲೆ ಮೊದಲ ಕೆಲಸ ಮಂಚ ಎಳೆಯುವುದು. ನಾವೆಲ್ಲ ಇರುವ ಅಲ್ ಗುಬ್ರಾದ ಫ್ಲ್ಯಾಟುಗಳಲ್ಲಿ ಬೆಳಕು ಚೆನ್ನಾಗಿರಲಿ ಎಂದು ಎಲ್ಲರೂ ಮಂಚವನ್ನು ದೊಡ್ಡ ಗಾಜಿನ ಕಿಟಕಿಯ ಕೆಳಗೆ ಹಾಕಿಸಿರುತ್ತಾರೆ. ಇವರು ಬಂದವರೇ ಅದನ್ನು ಎದುರುಗೋಡೆಗೆ ದೂಡಿಸುತ್ತಿದ್ದರು. ಎಸಿ ಗಾಳಿ ಅಲ್ಲಿಗೆ ತಾಗುವುದಿಲ್ಲ ಎಂದು ಗಂಡಸರು ಗೊಣಗಿದರೆ, ಸೊಂಟಕ್ಕೆ ತಣ್ಣನೆ ಗಾಳಿ ತಾಗದೇ ಇರುವುದೇ ಒಳ್ಳೆಯದು ಎಂದು ಬಾಯಿ ಮುಚ್ಚಿಸುತ್ತಿದ್ದರು. ಗಾಜಿನ ವಿಷಯ ನಮಗೆ ಗೊತ್ತಾದದ್ದು ಬಹಳ ತಡವಾಗಿ. ಯುದ್ಧ ನಡೆಯುವ ಊರಿನಲ್ಲಿ ಗುಂಡಿಗಿಂತ ಹೆಚ್ಚು ಗಾಯ ಮಾಡುವುದು ಒಡೆದ ಕಿಟಕಿಯ ಗಾಜಂತೆ. ಅಂಥ ಊರಿನಲ್ಲಿ ಇದ್ದು ಬಂದ ಕೈ ಅದು, ಮಸ್ಕತ್ತಿನಲ್ಲಿಯೂ ಸುಮ್ಮನಿರುತ್ತಿರಲಿಲ್ಲ.

ಇಲ್ಲಿ ಹೆರಿಗೆಯೆಂದರೆ ಒಂದು ಫಜೀತಿ. ಊರಿನಿಂದ ಅಮ್ಮನೋ ಅತ್ತೆಯೋ ಬರಬೇಕು, ಅವರ ವೀಸಾ ಆಗಬೇಕು, ವೀಸಾ ಬರುವಷ್ಟರಲ್ಲಿ ಕೂಸು ಬಂದಿರುತ್ತದೆ. ಗಂಡ ರುಸೈಲಿನ ಫ್ಯಾಕ್ಟರಿಗೆ ಹೋದರೆ ಮನೆಯಲ್ಲಿ ಬಾಣಂತಿ ಮತ್ತು ಕೂಸು ಇಬ್ಬರೇ. ಆಸ್ಪತ್ರೆಯವರು ಚೆನ್ನಾಗಿ ನೋಡಿಕೊಂಡು ಕಳಿಸಿರುತ್ತಾರೆ, ಆದರೆ ಮನೆಗೆ ಬಂದ ಮೇಲೆ ನೋಡುವ ಕಣ್ಣು ಬೇಕಲ್ಲ. ಸಿಸ್ಟರಕ್ಕ ಅದಕ್ಕೆ ಕಂಡುಕೊಂಡಿದ್ದ ಉಪಾಯಕ್ಕೆ ನಾವು ತಟ್ಟೆ ಡ್ಯೂಟಿ ಎಂದು ಹೆಸರಿಟ್ಟಿದ್ದೆವು.

ಬಾಣಂತಿಯನ್ನು ನೋಡಲು ಹೆಂಗಸರು ಹೇಗೂ ಹೋಗಿಯೇ ಹೋಗುತ್ತಾರೆ. ಹತ್ತು ಜನ ಒಟ್ಟಿಗೆ ನುಗ್ಗಿ, ಕೂಸಿನ ಮೂಗು ಯಾರದು ಎಂದು ಜಗಳವಾಡಿ, ಬಾಣಂತಿಯ ನಿದ್ದೆ ಕೆಡಿಸಿ ಬರುವ ಬದಲು ದಿನಕ್ಕೆ ಒಬ್ಬಿಬ್ಬರು ಹೋಗಿ. ತಟ್ಟೆಯಲ್ಲಿ ಏನಾದರೂ ಇಟ್ಟುಕೊಂಡು ಹೋಗಿ. ಹೋದವಳಿಗೆ ಒಂದು ಕೆಲಸ. ಒಬ್ಬಳು ಬಾಣಂತಿಯ ಪಾದ ಮತ್ತು ಮುಖ ಊದಿದೆಯೇ ನೋಡಬೇಕು, ತಲೆನೋವು ಉಂಟೇ ಕೇಳಬೇಕು. ಒಬ್ಬಳು ಕೂಸನ್ನು ಹಗಲು ಬೆಳಕಿಗೆ ತಂದು ಕಣ್ಣು ಹಳದಿಯಾಗಿದೆಯೇ, ಬಟ್ಟೆ ಸರಿಯಾಗಿ ಒದ್ದೆ ಮಾಡುತ್ತದೆಯೇ ನೋಡಬೇಕು. ಜ್ವರ, ರಕ್ತಸ್ರಾವ ವಿಚಾರಿಸಲು ಇನ್ನೊಬ್ಬಳು. ಊರಿನಿಂದ ಅತ್ತೆ ಬಂದಿದ್ದರೆ ಆಕೆಯನ್ನು ಬೇರೆ ಕೋಣೆಗೆ ಕರೆದೊಯ್ದು ಮಾತಿನಲ್ಲಿ ಕೂರಿಸಲು ಮತ್ತೊಬ್ಬಳು. ಅತ್ತೆ ಎದುರಿಗಿದ್ದರೆ ಬಾಣಂತಿ ಬಾಯಿ ಬಿಡುವುದಿಲ್ಲ. ನೋಡಿದ್ದನ್ನು ಸಂಜೆ ಸಿಸ್ಟರಕ್ಕನಿಗೆ ಫೋನ್ ಮಾಡಿ ಹೇಳಬೇಕು. "ತಟ್ಟೆ ಖಾಲಿ ಹೋಗ್ಬಾರ್ದು, ಕಣ್ಣು ಖಾಲಿ ಬರ್ಬಾರ್ದು" ಎಂಬುದು ಅವರ ಮಂತ್ರ.

ತಟ್ಟೆಯಲ್ಲಿ ಏನಿರಬೇಕು ಎಂಬ ವಿಷಯದಲ್ಲಿ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಆಗುತ್ತಿದ್ದ ವಾದವನ್ನು ಯಾವ ಪಂಚಾಯಿತಿಯೂ ಬಗೆಹರಿಸಲಾರದು. ನಮಗೆ ಅಂಟಿನ ಉಂಡಿ, ಸಬ್ಬಸಿಗೆ ಪಲ್ಯ, ಬೆರಳು ಮುಳುಗುವಷ್ಟು ತುಪ್ಪ. ಅವರಿಗೆ ಕಾಳುಮೆಣಸಿನ ಸಾರು, ಬೆಳ್ಳುಳ್ಳಿ. ಸಿಸ್ಟರಕ್ಕ ಎರಡನ್ನೂ ರುಚಿ ನೋಡಿ ಎರಡೂ ಸರಿ ಎನ್ನುತ್ತಿದ್ದರು. ಬಾಣಂತಿಗೆ ನೀರು ಕೊಡಬಾರದು ಎಂದವರಿಗೆ ಮಾತ್ರ ಅವರ ಇನ್ನೊಂದು ಮುಖದ ದರ್ಶನವಾಗುತ್ತಿತ್ತು.

ಅವರು ಕಾರು ಕಲಿಯಲಿಲ್ಲ. ನಮ್ಮ ಗಂಡಂದಿರೆಲ್ಲ ಅವರಿಗೆ ಡ್ರೈವರ್ ಸಾಹೇಬರು. ಕಂಪನಿಯಲ್ಲಿ ನೂರು ಜನರನ್ನು ಕುಣಿಸುವ ಮ್ಯಾನೇಜರು ಕೂಡ ಸಂಜೆ ಅವರ ಮಿಸ್ಡ್ ಕಾಲ್ ಬಂದರೆ ಸಾರಿನ ಡಬ್ಬಿ ಹಿಡಿದು ಕೆಳಗೆ ಬಂದು ನಿಲ್ಲುತ್ತಿದ್ದರು. ಒಮ್ಮೆ ಒಬ್ಬರು ಇದೆಲ್ಲ ಅತಿಯಾಯಿತು, ಇಲ್ಲಿ ಒಳ್ಳೊಳ್ಳೆ ಆಸ್ಪತ್ರೆ ಇಲ್ಲವೇ ಎಂದು ಆಡಿದರು. ಅದೇ ವಾರ ಅವರ ತಮ್ಮನ ಹೆಂಡತಿ ಬಾಣಂತಿ. ತಟ್ಟೆ ಹಿಡಿದು ಹೋಗಿದ್ದ ಕಾರ್ಕಳ, ಹುಡುಗಿಯ ಕಾಲ್ಗೆಜ್ಜೆ ಮಾಂಸದೊಳಗೆ ಹೂತಿರುವುದನ್ನು ನೋಡಿದಳು. ತಲೆನೋವು ಇದೆಯಾ ಎಂದರೆ ಇದೆ, ಕಣ್ಣು ಮಂಜಾಗುತ್ತದೆಯಾ ಎಂದರೆ ಅದೂ ಹೌದು, ನಿದ್ದೆ ಇಲ್ಲದ್ದಕ್ಕೆ ಹೀಗೆ ಎಂದುಕೊಂಡಿದ್ದಳಂತೆ. ಸಿಸ್ಟರಕ್ಕನಿಗೆ ಫೋನು ಹೋಯಿತು, ಅವರು ಹೇಳಿದಂತೆ ಕಾರು ನೇರ ಆಸ್ಪತ್ರೆಗೆ ಹೋಯಿತು. ರಕ್ತದೊತ್ತಡ ಏರಿ ಫಿಟ್ಸ್ ಬರುವುದರಲ್ಲಿತ್ತು, ಬಂದದ್ದು ಒಳ್ಳೆಯದಾಯಿತು ಎಂದರಂತೆ ಡಾಕ್ಟರು. ಅತಿಯಾಯಿತು ಎಂದವರು ಆಮೇಲೆ ನಮ್ಮ ಡ್ರೈವರ್ ಸಾಹೇಬರ ಪಟಾಲಮ್ಮಿಗೆ ತಾವಾಗಿ ಸೇರಿಕೊಂಡರು.

ಇದರಲ್ಲಿ ನನಗೆ ಸಿಕ್ಕಿದ್ದು ನಗಿಸುವ ಡ್ಯೂಟಿ. ಬಾಣಂತಿಯ ಹತ್ತಿರ ಕೂತು ಹರಟಬೇಕು, ನಗಿಸಬೇಕು, ನಕ್ಕಳೋ ಇಲ್ಲವೋ ಸಂಜೆ ವರದಿ ಒಪ್ಪಿಸಬೇಕು. ಪಾದ ನೋಡುವುದು, ಕಣ್ಣು ನೋಡುವುದು ಮುಂತಾದ ಘನವಾದ ಕೆಲಸವೆಲ್ಲ ಬೇರೆಯವರಿಗೆ, ನನಗೆ ಜೋಕರ್ ಪಾತ್ರ ಎಂದು ನಾನು ಸಿಡುಕಿದ್ದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ನಿನ್ನ ಬಾಯಿಗೆ ಬೇರೆ ಎಂತ ಕೆಲ್ಸ ಕೊಡುದು ಮಾರಾಯ್ತಿ? ಬಾಣಂತಿ ಅತ್ರೆ ನಂಗೆ ಹೆದ್ರಿಕೆ ಇಲ್ಲ. ಅಳುದೂ ಇಲ್ಲ, ನಗುದೂ ಇಲ್ಲ ಅಂದ್ರೆ ಹೆದ್ರಿಕೆ" ಎಂದರು. ಅವರಿಗೆ ಹೆದರಿಕೆಯಾಗುವುದೂ ಉಂಟೇ ಎಂದು ನಾನು ನಕ್ಕುಬಿಟ್ಟೆ. ನನ್ನ ಕೆಲಸ ಸಲೀಸಾಗಿಯೇ ನಡೆಯುತ್ತಿತ್ತು. ನಮ್ಮ ಅತ್ತೆಯವರು ಮೊದಲ ಸಲ ಎಸ್ಕಲೇಟರ್ ಹತ್ತಿದ ಪ್ರಸಂಗ ಒಂದಿತ್ತು. ಅದಕ್ಕೆ ನಗದ ಬಾಣಂತಿ ಆ ತನಕ ನನಗೆ ಸಿಕ್ಕಿರಲಿಲ್ಲ.

ಆಮೇಲೆ ಯೆಮೆನ್ ಹುಡುಗಿ ಬಂದಳು.

ಕ್ಲಿನಿಕ್ಕಿನ ಹಿಂದಿನ ಬೀದಿಯಲ್ಲಿ ಒಬ್ಬ ಯೆಮೆನಿಯ ಟೈರ್ ಅಂಗಡಿ ಇತ್ತು. ಅವನ ತಮ್ಮ ಅಲ್ಲೇ ಕೆಲಸಕ್ಕಿದ್ದ. ಅವರ ಊರು ಗಡಿಯಾಚೆ ದೂರದ ಬೆಟ್ಟದ ಸೀಮೆಯಲ್ಲಿ. ಅಲ್ಲಿ ಆಗ ಗುಂಡಿನ ಕಾಳಗ ಶುರುವಾಗಿತ್ತು. ಬಸುರಿಯಾಗಿದ್ದ ಹೆಂಡತಿಯನ್ನು ಆ ತಮ್ಮ ಹೇಗೋ ಮಾಡಿ ಮಸ್ಕತ್ತಿಗೆ ಕರೆಸಿಕೊಂಡ. ಹುಡುಗಿಯ ತಾಯಿ, ತಮ್ಮಂದಿರು ಅಲ್ಲೇ ಉಳಿದರು. ಹೆರಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು, ಗಂಡು ಮಗು. ಮನೆಗೆ ಬಂದ ಮೇಲೆ ಹುಡುಗಿ ಮಾತು ಬಿಟ್ಟಳು. ಊರಿಗೆ ಫೋನ್ ಹೋಗುತ್ತಿರಲಿಲ್ಲ, ತಾಯಿ ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಗೋಡೆ ನೋಡುತ್ತ ಕೂರುವಳು, ಮಗುವನ್ನು ಮಡಿಲಲ್ಲಿ ಇಟ್ಟರೆ ಎತ್ತಿಕೊಳ್ಳುವುದಿಲ್ಲ, ಹಾಲು ಕೊಡುವುದಿಲ್ಲ. ಅಂಗಡಿಯವನ ಹೆಂಡತಿ, ಅವಳ ಓರಗಿತ್ತಿ, ಬಾಟಲಿ ಹಾಲು ಹಾಕುತ್ತಿದ್ದಳು. ಮಗುವಿಗೆ ಅದು ಒಗ್ಗಲಿಲ್ಲ, ತೂಕ ಇಳಿಯುತ್ತಿತ್ತು. ಸಿಸ್ಟರಕ್ಕ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದು ಔಷಧಿ ಶುರುಮಾಡಿಸಿದ್ದರು. ಗುಳಿಗೆ ಕೊಡುವುದು ಡಾಕ್ಟರ ಕೆಲಸ, ತಟ್ಟೆ ಒಯ್ಯುವುದು ನಮ್ಮದು ಎಂದು ನಮಗೆ ಬುಲಾವ್ ಬಂತು.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಅಷ್ಟು ಉತ್ಸಾಹ ಇರಲಿಲ್ಲ. ಪರಿಚಯವಿಲ್ಲದ ಮನೆ, ಭಾಷೆ ಬರುವುದಿಲ್ಲ, ಕರೆಯದೆ ಹೋಗುವುದು ಹೇಗೆ ಎಂದು ಒಬ್ಬೊಬ್ಬರು ಒಂದೊಂದು ನೆಪ ಹೇಳಿದರು. ನಾನೂ ಹೇಳಿದೆ.

"ಅಕ್ಕಾರ, ನಾ ಹೋಗಿ ಏನ್ ಮಾಡ್ಲಿರೀ? ಆಕಿಗೆ ಕನ್ನಡ ಬರೂದಿಲ್ಲ. ನಂಗ ಖಲಾಸ್, ಯಲ್ಲಾ ಬಿಟ್ರ ಅರಬ್ಬಿ ಬರೂದಿಲ್ಲ. ಯಾವ ಭಾಷಾದಾಗ ನಗಸ್ಲಿ?"

ಬೇರೊಬ್ಬ ಬಾಣಂತಿಯನ್ನು ನೋಡಿ ಮರಳುತ್ತಿದ್ದೆವು. ಕಾರ್ಕಳ ಕಾರು ಓಡಿಸುತ್ತಿದ್ದಳು, ಸಿಸ್ಟರಕ್ಕ ಅವಳ ಪಕ್ಕ, ನಾನು ಹಿಂದೆ. ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಆ ದಿನ ಮೊದಲ ಸಲ ತಮ್ಮ ಯೆಮೆನ್ ಕತೆ ಹೇಳಿದರು.

ತೊಂಬತ್ತರ ದಶಕದಲ್ಲಿ ಅವರು ಅಲ್ಲಿಯ ಒಂದು ಬೆಟ್ಟದೂರಿನ ಹೆರಿಗೆ ಆಸ್ಪತ್ರೆಯಲ್ಲಿದ್ದರಂತೆ. ಯುದ್ಧ ಬಂತು, ಡಾಕ್ಟರು ಹೋದರು, ಆಸ್ಪತ್ರೆಗೆ ಬೀಗ ಬಿತ್ತು. ಬೀದಿಯ ಈ ತುದಿಯಲ್ಲಿ ಒಂದು ಪಂಗಡದ ಬಂದೂಕು, ಆ ತುದಿಯಲ್ಲಿ ಇನ್ನೊಂದರದ್ದು. ಹೆರಿಗೆಗಳು ಯುದ್ಧಕ್ಕೆ ಕಾಯುವುದಿಲ್ಲವಲ್ಲ, ಮನೆಮನೆಯಲ್ಲಿ ಆಗುತ್ತಿದ್ದವು. ಅಲ್ಲಿ ಬಾಣಂತಿಯನ್ನು ಎತ್ತರದ ಹಾಸಿಗೆಯ ಮೇಲೆ ಕೂರಿಸುತ್ತಾರೆ. ನಲವತ್ತು ದಿನ ಬೀದಿಯ ಹೆಂಗಸರು ಮಧ್ಯಾಹ್ನದ ಹೊತ್ತು ತಿಂಡಿ ಹಿಡಿದು ಬಂದು ಹೋಗಬೇಕು. ಯುದ್ಧದಲ್ಲಿಯೂ ಅದು ನಿಲ್ಲಲಿಲ್ಲ. ಗಂಡಸರನ್ನು ತಡೆಯುತ್ತಿದ್ದ ಬಂದೂಕಿನವರು ಬಾಣಂತಿಗೆ ತಟ್ಟೆ ಒಯ್ಯುವವಳನ್ನು ತಡೆಯುತ್ತಿರಲಿಲ್ಲ. ತಡೆದರೆ ಅವರ ಮನೆಯ ಹೆಂಗಸರೇ ಅವರಿಗೆ ಅನ್ನ ಹಾಕುತ್ತಿರಲಿಲ್ಲ. ತಟ್ಟೆಯ ಮೇಲಿನ ಬಟ್ಟೆ ಸರಿಸಿ ಒಂದು ತುಂಡು ತಿಂದು ಬಿಡುತ್ತಿದ್ದರಂತೆ. ಎರಡೂ ಕಡೆಯವರ ಲೆಕ್ಕಕ್ಕೆ ಸಿಸ್ಟರಕ್ಕ ಮೇಲೆ ನಾಲ್ಕು ತುಂಡು ಹೆಚ್ಚೇ ಇಡುತ್ತಿದ್ದರು. ಹಾಗೆ ಹೋಗುವ ಹೆಂಗಸರಿಗೇ ಏನು ನೋಡಬೇಕು, ಏನು ಕೇಳಬೇಕು ಎಂದು ಕಲಿಸಿದರು. ತಮಗೆ ಹೋಗಲಾಗದ ಮನೆಯ ಸುದ್ದಿ ಅವರ ಬಾಯಿಂದ ಬರುತ್ತಿತ್ತು. ನಮ್ಮ ತಟ್ಟೆ ಡ್ಯೂಟಿಯ ಮೂಲ ಮಸ್ಕತ್ತಲ್ಲ, ಆ ಬೀದಿ.

ಆ ನಡುವೆ ಅವರಿಗೇ ಟೈಫಾಯ್ಡ್ ಬಂತು. ಊರಿನವರೆಂದು ಯಾರೂ ಇಲ್ಲ, ಮದುವೆಯಾಗಿರಲಿಲ್ಲ, ಆಸ್ಪತ್ರೆ ಮುಚ್ಚಿತ್ತು. ಆ ಬೀದಿಯವರು ಅವರನ್ನು ಎತ್ತಿಕೊಂಡು ಹೋಗಿ ಬಾಣಂತಿಯ ಎತ್ತರದ ಹಾಸಿಗೆಯ ಮೇಲೆ ಮಲಗಿಸಿದರು. ದಿನವೂ ತಟ್ಟೆ ಹಿಡಿದು ಬಂದರು. ಒಬ್ಬ ಮುದುಕಿ ಬಂದು ಇವರು ಅರಬ್ಬಿ ಮಾತಾಡುವುದನ್ನು ಅಣಕಿಸಿ ನಗಿಸುತ್ತಿದ್ದಳಂತೆ.

"ಹೆರದೇ ಬಾಣಂತನ ಮಾಡಿಸ್ಕೊಂಡವಳು ಪ್ರಪಂಚದಲ್ಲಿ ನಾನೊಬ್ಳೇ" ಎಂದು ಸಿಸ್ಟರಕ್ಕ ನಕ್ಕರು. ಆಮೇಲೆ ಕಿಟಕಿಯಾಚೆ ನೋಡುತ್ತ ಹೇಳಿದರು: "ಅದೇ ಬೀದಿಯಲ್ಲಿ ಒಬ್ಳು ಹುಡುಗಿ ಮಾತು ಬಿಟ್ಟಿದ್ಲು. ಜ್ವರ ಇಲ್ಲ, ರಕ್ತ ಹೋಗುದಿಲ್ಲ. ಸುಸ್ತು, ಸರಿ ಆಗ್ತಾಳೆ ಅಂತ ಹೇಳಿ ನಾನು ಬೇರೆ ಮನೆಗೆ ಹೋದೆ. ಅವಳು ಹಾಲು ಕೊಡ್ಲಿಲ್ಲ. ಮಗು ಹೋಯ್ತು. ಇದು ಹೋಗ್ಬಾರ್ದು ಬಾಗಲಕೋಟೆ."

ಕಾರ್ಕಳ ಗೇರ್ ಬದಲಾಯಿಸಿದಳು. ಮರುದಿನದಿಂದ ನಾವು ಹೋಗತೊಡಗಿದೆವು.

ಟೈರ್ ಅಂಗಡಿಯ ಮೇಲಿನ ಮಹಡಿ. ಓರಗಿತ್ತಿ ಒಳ್ಳೆಯ ಹೆಂಗಸು, ಅಂಗಡಿಯ ಕೆಲಸಗಾರರ ಜೊತೆ ಮಾತಾಡಿ ಮಾತಾಡಿ ಅವಳಿಗೆ ಹಿಂದಿ ತಕ್ಕಮಟ್ಟಿಗೆ ಬರುತ್ತಿತ್ತು. ಕೋಣೆಯಲ್ಲಿ ಗೋಡೆಗೆ ಒತ್ತಿ ಹಾಸಿಗೆಯ ಮೇಲೆ ಹಾಸಿಗೆ ಪೇರಿಸಿ, ದಿಂಬು ಒರಗಿಸಿ ಹುಡುಗಿಯನ್ನು ಕೂರಿಸಿದ್ದರು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ನಾವು ಹೋದರೆ ತಲೆ ಎತ್ತಿ ನೋಡುವಳು, ಮತ್ತೆ ಗೋಡೆ ನೋಡುವಳು. ಗದಗದ ಅಂಟಿನ ಉಂಡಿ, ಕುಮಟಾದ ಸಾರು ಎರಡೂ ಮುಟ್ಟದೆ ವಾಪಸ್ ಬಂದವು. ನಾನು ಎಸ್ಕಲೇಟರ್ ಪ್ರಸಂಗವನ್ನು ಅಭಿನಯಿಸಿ ತೋರಿಸಿದೆ. ಓರಗಿತ್ತಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು, ಹುಡುಗಿ ನಗಲಿಲ್ಲ. ಕೋಳಿ ಕೂಗಿದೆ, ಎಮ್ಮೆ ಕರೆದೆ, ನಮ್ಮ ಮನೆಯವರು ಕಾರು ಹಿಂದಕ್ಕೆ ತೆಗೆಯುವುದನ್ನು ಮಾಡಿ ತೋರಿಸಿದೆ. ಸಂಜೆ ಫೋನಿನಲ್ಲಿ, ಇಲ್ಲ ಅಕ್ಕಾರ, ನಗಲಿಲ್ಲ ಎಂದು ಹೇಳುವಾಗ ಪರೀಕ್ಷೆಯಲ್ಲಿ ಫೇಲಾದ ಹಾಗೆ ಅನ್ನಿಸುತ್ತಿತ್ತು. ಅವರು ಒಂದೇ ಮಾತು ಕೇಳುತ್ತಿದ್ದರು, ನಾಳೆ ಹೋಗ್ತಿ ಅಲ್ವಾ ಎಂದು.

ಒಂದು ದಿನ ಮನೆಯಲ್ಲಿ ಬೇರೇನೂ ಇರಲಿಲ್ಲವೆಂದು ಜೋಳದ ಸಂಗಟಿ ಮಾಡಿ ಒಯ್ದೆ. ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಬಂದ ಹಿಟ್ಟು, ನಮಗದು ಬಂಗಾರ. ಮುಚ್ಚಳ ತೆಗೆದಾಗ ಹುಡುಗಿಯ ಮೂಗು ಅರಳಿತು. ಓರಗಿತ್ತಿ ಇಣುಕಿ ನೋಡಿ, ಇದು ನಮ್ಮ ಕಡೆಯ ಊಟವೇ ಅಲ್ಲವೇ, ನಮ್ಮ ಬೆಟ್ಟದಲ್ಲಿ ಬೆಳೆಯುವುದೂ ಇದೇ ಕಾಳು, ಇದನ್ನು ಅಸೀದ್ ಎನ್ನುತ್ತೇವೆ ಎಂದಳು. ಹುಡುಗಿ ಕೈ ಚಾಚಿ ಒಂದು ತುತ್ತು ಮುರಿದುಕೊಂಡಳು. ಮತ್ತೊಂದು ಮುರಿದುಕೊಂಡಳು. ನನ್ನ ಹಿಟ್ಟಿನ ಡಬ್ಬಿ ಆ ವಾರ ಬರಿದಾಯಿತು. ಗದಗ, ವಿಜಾಪುರಗಳ ಅಡುಗೆಮನೆಗೂ ನಾನು ಕೈ ಹಾಕಿದೆ. ಊಟ ಸೇರಿತು ಎಂದು ಸಿಸ್ಟರಕ್ಕನಿಗೆ ಖುಷಿಯಾಯಿತು. ಆದರೆ ಮಗುವನ್ನು ಅವಳಿನ್ನೂ ಎತ್ತಿಕೊಂಡಿರಲಿಲ್ಲ. ಕ್ಲಿನಿಕ್ಕಿನ ತಕ್ಕಡಿಯ ಮುಳ್ಳು ಮತ್ತೆ ಹಿಂದೆಯೇ ನಿಂತಿತ್ತು. ಇನ್ನೆರಡು ದಿನ ನೋಡಿ, ಆಗದಿದ್ದರೆ ಮಗುವನ್ನು ಆಸ್ಪತ್ರೆಗೆ ಸೇರಿಸುವುದು ಎಂದು ಡಾಕ್ಟರು ಹೇಳಿದ್ದರು.

ನನಗೂ ಜೋಕುಗಳು ಮುಗಿದಿದ್ದವು. ಹೇಗೂ ಅವಳಿಗೆ ತಿಳಿಯುವುದಿಲ್ಲವಲ್ಲ ಎಂದು ಕನ್ನಡದಲ್ಲಿ ನನ್ನ ಕಷ್ಟಸುಖ ಹೇಳಿಕೊಳ್ಳತೊಡಗಿದ್ದೆ. ನಾದಿನಿಯ ಮದುವೆಯ ಸೀರೆಯ ಜಗಳ, ಮಗಳು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ನಮ್ಮ ಮನೆಯವರ ಬಗ್ಗೆ ಯಾರಿಗೂ ಹೇಳಬಾರದ ಸಂಗತಿಗಳು. ಇಷ್ಟು ಒಳ್ಳೆಯ ಕೇಳುಗರು ನನಗೆ ಹಿಂದೆ ಸಿಕ್ಕಿದ್ದಿಲ್ಲ.

ಆ ದಿನ ಕಾರ್ಕಳ ನನ್ನನ್ನು ಇಳಿಸಿ, ಮಕ್ಕಳನ್ನು ಇಂಡಿಯನ್ ಸ್ಕೂಲಿನಿಂದ ಕರೆದುಕೊಂಡು ಬರುತ್ತೇನೆ ಎಂದು ಹೋದಳು. ಬೆಳಗಿನಿಂದ ಮನೆಯಲ್ಲಿ ನೆಂಟರ ಅಡುಗೆ ಮಾಡಿ ನನ್ನ ಸೊಂಟ ಬಿದ್ದಿತ್ತು. ಹೊರಗೆ ಉರಿಬಿಸಿಲು, ಒಳಗೆ ತಣ್ಣನೆಯ ಎಸಿ, ಹೊಟ್ಟೆಯಲ್ಲಿ ಊಟ. ಹುಡುಗಿಯ ಹಾಸಿಗೆಯ ಅಂಚಿಗೆ ಕೂತು ನಾದಿನಿಯ ಕತೆ ಮುಂದುವರಿಸಿದೆ. ದಿಂಬು ಕೈಗೆ ಸಿಕ್ಕಿತು, ಒರಗಿದೆ. ಆಮೇಲೆ ಏನಾಯಿತೆಂದು ನನಗೆ ಗೊತ್ತಿಲ್ಲ.

ಎಚ್ಚರವಾದಾಗ ಬಾಣಂತಿಯ ಹಾಸಿಗೆಯ ಮೇಲೆ ನಾನು ಕಾಲು ಚಾಚಿ ಮಲಗಿದ್ದೆ, ಬಾಯಿ ತೆರೆದಿತ್ತು. ಬಾಗಿಲಲ್ಲಿ ಓರಗಿತ್ತಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಹುಡುಗಿ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಕುಲುಕುವಂತೆ ನಗುತ್ತಿದ್ದಳು. ನಾನು ಕಣ್ಣು ಬಿಟ್ಟದ್ದು ನೋಡಿ ಅವಳು ಮೂಗಿನಿಂದ ಗೊರಕೆಯ ಸದ್ದು ಹೊರಡಿಸಿ ತೋರಿಸಿದಳು. ಹುಡುಗಿಯಿಂದ ನಾನು ಕೇಳಿದ ಮೊದಲ ಸದ್ದು ಅದು. ಅಣಕ ಎಷ್ಟು ಚೆನ್ನಾಗಿತ್ತೆಂದರೆ ನನಗೇ ನಾಚಿಕೆಯಾಯಿತು. ನಾನೂ ನಕ್ಕೆ. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಸುರಿಯತೊಡಗಿತು, ನನ್ನ ಕೈ ಹಿಡಿದುಕೊಂಡು ಏನೋ ಹೇಳಿದಳು. ಓರಗಿತ್ತಿ ಚಹಾ ಕೆಳಗಿಟ್ಟು, ಅವಳ ತಾಯಿಯೂ ಹೀಗೇ ಗೊರಕೆ ಹೊಡೆಯುತ್ತಾಳಂತೆ, ಇದೇ ಸದ್ದಂತೆ ಎಂದು ಹಿಂದಿಯಲ್ಲಿ ತಿಳಿಸಿದಳು.

ನಾನು ಅವಳನ್ನು ತಬ್ಬಿಕೊಂಡೆ. ಇಬ್ಬರೂ ಅತ್ತೆವು. ತೊಟ್ಟಿಲಲ್ಲಿ ಮಗು ಎದ್ದು ಅದೂ ಶುರುಮಾಡಿತು. ಓರಗಿತ್ತಿ ಬಾಟಲಿಗೆಂದು ಒಳಗೆ ಓಡಿದಳು. ಆಗ ಹುಡುಗಿ ಕಣ್ಣೊರೆಸಿಕೊಂಡು ಮಗುವಿನತ್ತ ಕೈ ಚಾಚಿದಳು. ನಾನೇ ಎತ್ತಿ ಕೊಟ್ಟೆ. ಅದಕ್ಕೂ ರೂಢಿ ತಪ್ಪಿತ್ತು, ಇವಳಿಗೂ ರೂಢಿಯಿರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಒದ್ದಾಡಿದರು. ಕಾರ್ಕಳ ಕೆಳಗೆ ಹಾರ್ನ್ ಮಾಡುವ ಹೊತ್ತಿಗೆ ಮಗು ಹಾಲು ಕುಡಿಯುತ್ತಿತ್ತು.

ಫೋನಿನಲ್ಲಿ ವರದಿ ಒಪ್ಪಿಸುವಾಗ ನಿದ್ದೆಹೋದ ವಿಷಯ ಮುಚ್ಚಿಡೋಣ ಎಂದುಕೊಂಡಿದ್ದೆ. ಆದರೆ ನಗಲು ಕಾರಣವೇನು ಎಂದು ಅವರು ಬಿಡದೆ ಕೇಳಿದರು. ಎಲ್ಲ ಹೇಳಿಬಿಟ್ಟೆ. ಬೈಗುಳ ಬರುತ್ತದೆ ಎಂದು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ. "ನಾಳೆಯೂ ಹೋಗಿ ಮಲ್ಕೋ" ಎಂದರು. ಇಷ್ಟು ವರ್ಷ ಈ ಗೊರಕೆಯ ಬೆಲೆ ತಿಳಿಯದೆ ಸುಮ್ಮನೆ ನಿನ್ನನ್ನು ತಿವಿದು ಎಬ್ಬಿಸಿದೆನಲ್ಲ ಎಂದು ನಮ್ಮ ಮನೆಯವರು ಪಶ್ಚಾತ್ತಾಪ ಪಟ್ಟರು. ಮಗಳು ಸ್ಕೂಲಿನಲ್ಲಿ, ಮೈ ಮದರ್ಸ್ ಸ್ನೋರಿಂಗ್ ಸೇವ್ಡ್ ಎ ಬೇಬಿ ಎಂದು ಸಾರಿಕೊಂಡು ಬಂದಳು. ಕೆಲವು ದಿನ ಅಲ್ ಗುಬ್ರಾದಲ್ಲಿ ತಲೆ ಎತ್ತಿ ನಡೆಯುವುದು ಕಷ್ಟವಾಯಿತು.

ಎಲ್ಲವೂ ಒಂದೇ ಗೊರಕೆಗೆ ಸರಿಹೋಗಲಿಲ್ಲ. ಗುಳಿಗೆ ನಡೆಯುತ್ತಿತ್ತು, ಒಂದು ದಿನ ನಕ್ಕರೆ ಎರಡು ದಿನ ಮತ್ತೆ ಗೋಡೆ ನೋಡುತ್ತಿದ್ದಳು. ಆದರೆ ಮಗುವನ್ನು ಕೆಳಗಿಡಲಿಲ್ಲ. ಬತ್ತುತ್ತ ಬಂದಿದ್ದ ಹಾಲೂ ಮಗು ಚೀಪಿದಂತೆ ಮೆಲ್ಲಗೆ ತಿರುಗಿ ಬಂತು. ತಕ್ಕಡಿಯ ಮುಳ್ಳು ಮೇಲೆ ಹೋದ ದಿನ ಸಿಸ್ಟರಕ್ಕ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಸಿಕೊಂಡರು. ನಲವತ್ತು ದಿನ ಕಳೆದ ಮೇಲೆ ಊರಿನಿಂದ ಫೋನ್ ಬಂತು. ಮನೆ ಹೋಗಿತ್ತು, ತಾಯಿ ಬದುಕಿದ್ದಳು, ಪಕ್ಕದ ಊರಿನಲ್ಲಿದ್ದಳು. ಕಾಳಗ ತಣ್ಣಗಾಯಿತು ಎಂಬ ಸುದ್ದಿ ಬಂದಾಗ ಹುಡುಗಿ ತಾನು ಹೋಗಿಯೇ ಸಿದ್ಧ ಎಂದು ಹಟ ಹಿಡಿದಳು. ಮಗು ಆಗ ಹೆಜ್ಜೆ ಹಾಕುತ್ತಿತ್ತು. ಹೋಗುವ ಮುಂಚೆ ಸಿಸ್ಟರಕ್ಕ ಅವಳನ್ನು ದಿನವೂ ಕ್ಲಿನಿಕ್ಕಿಗೆ ಕರೆದು, ಪಾದ ನೋಡುವುದು, ಕಣ್ಣು ನೋಡುವುದು, ಏನು ಕೇಳುವುದು ಎಂದೆಲ್ಲ ಹೇಳಿಕೊಟ್ಟರು. ಅಲ್ಲಿ ಆಸ್ಪತ್ರೆ ತೆರೆಯುವುದು ಯಾವಾಗಲೋ, ಹೆರಿಗೆಗಳಂತೂ ದಿನಾ ಆಗುತ್ತವೆ ಎಂದರು. ಅವಳ ಜೊತೆ ನಮ್ಮೆಲ್ಲರ ಮಕ್ಕಳ ಹಳೆಯ ಸ್ವೆಟರುಗಳೂ ಹೋದವು.

ಸಿಸ್ಟರಕ್ಕನ ಬೀಳ್ಕೊಡುಗೆಯನ್ನು ನಮ್ಮ ಮನೆಯಲ್ಲಿಯೇ ಇಟ್ಟುಕೊಂಡಿದ್ದೆವು. ಭಾಷಣ ಬೇಡ, ಶಾಲು ಬೇಡ, ಅಳುವವರು ಬಾತ್‌ರೂಮಿಗೆ ಹೋಗಿ ಎಂದು ಅವರ ಕಟ್ಟಪ್ಪಣೆ. ಮರುದಿನ ಬೆಳಿಗ್ಗೆ ವಿಮಾನ. ಕೇಕು ಕತ್ತರಿಸುವ ಹೊತ್ತಿಗೆ ಅವರ ಮೊಬೈಲ್ ರಿಂಗಾಯಿತು. ನಂಬರ್ ನೋಡಿ ಮೂಲೆಗೆ ಹೋದರು, ಅರಬ್ಬಿಯಲ್ಲಿ ಬಹಳ ಹೊತ್ತು ಕೇಳಿದರು, ಜ್ವರ, ರಕ್ತ ಎಲ್ಲ ವಿಚಾರಿಸಿದರು. ಆಮೇಲೆ ನನ್ನ ಹತ್ತಿರ ಬಂದರು. ಫೋನ್ ಮಾಡಿದ್ದು ಯೆಮೆನ್ ಹುಡುಗಿ. ಅವರ ಬೀದಿಯಲ್ಲಿ ಒಬ್ಬಳು ಬಾಣಂತಿ, ಗಂಡ ಕಾಳಗದಲ್ಲಿ ಹೋಗಿದ್ದಾನೆ. ಇವಳು ದಿನವೂ ತಟ್ಟೆ ಒಯ್ಯುತ್ತಿದ್ದಾಳೆ. ಆ ಹೆಂಗಸು ಅಳುವುದಿಲ್ಲ, ನಗುವುದಿಲ್ಲ, ಏನು ಮಾಡಲಿ ಎಂದು ಕೇಳುತ್ತಿದ್ದಾಳೆ.

"ತಕ್ಕೋ ಬಾಗಲಕೋಟೆ. ಇದು ನಿನ್ನ ಡಿಪಾರ್ಟ್‌ಮೆಂಟ್" ಎಂದು ಫೋನನ್ನು ನನ್ನ ಕೈಯಲ್ಲಿಟ್ಟರು.

ಕೋಣೆಯ ತುಂಬ ಹೆಂಗಸರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ಕಡೆಯಿಂದ ಹುಡುಗಿಯ ಉಸಿರು ಕೇಳುತ್ತಿತ್ತು, ಅವಳ ಹಿಂದೆ ಮಗು ಏನೋ ಕೂಗುತ್ತಿತ್ತು. ನನ್ನ ಅರಬ್ಬಿ ಈಗಲೂ ಹತ್ತು ಶಬ್ದದ ಅರಬ್ಬಿ. ಅದರಲ್ಲೇ ಹುಡುಕಿ ಹೇಳಿದೆ.

"ಬುಕ್ರಾ ರೂಹೀ. ಬಾದ್ ಬುಕ್ರಾ ರೂಹೀ."

ನಾಳೆ ಹೋಗು. ನಾಡಿದ್ದೂ ಹೋಗು. ನನಗೆ ಗೊತ್ತಿದ್ದದ್ದು ಅಷ್ಟೇ. ಅವಳು ಸರಿ, ಹೋಗುತ್ತೇನೆ ಎಂದಳು.

ಫೋನ್ ವಾಪಸ್ ಕೊಡಲು ಹೋದರೆ ಸಿಸ್ಟರಕ್ಕ ಕೈ ಹಿಂದೆ ಕಟ್ಟಿಕೊಂಡರು. "ನಂಬರ್ ನಿನ್ನ ಮೊಬೈಲಿಗೆ ಹಾಕ್ಕೋ. ಇನ್ನು ಅವಳು ನಿಂಗೇ ಮಾಡ್ತಾಳೆ, ಹೇಳಿದ್ದೇನೆ" ಎಂದವರೇ, ತಾವೇ ಅಪ್ಪಣೆ ಮಾಡಿದ್ದ ಹಾಗೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.